ಒಂದು ಸೆಕೆಂಡಿಗೆ ಎಂಟು ಚಿತ್ರ

ಅನಿಮೆ ನೋಡುವಾಗ ಒಂದು ವಿಷಯ ನೀವೂ ಗಮನಿಸಿರ್ತೀರಿ. ಇಬ್ಬರು ಮಾತಾಡ್ತಿದ್ದರೆ ಇಡೀ ಮೈ ಕಲ್ಲಿನ ಥರ ನಿಂತಿರುತ್ತೆ, ಬಾಯಿ ಮಾತ್ರ ಅಲ್ಲಾಡುತ್ತೆ. ಯಾರಾದರೂ ಶಾಕ್ ಆದರೆ ಮುಖ ಹಾಗೇ ನಿಂತುಬಿಡುತ್ತೆ, ಹಿಂದೆ ಗೆರೆಗಳು ಓಡುತ್ತವೆ. ಹೀರೋ ವೇಷ ಬದಲಾಯಿಸೋ ಸೀನ್ ಪ್ರತಿ ವಾರ ಅದೇ, ಒಂದು ಫ್ರೇಮ್ ಕೂಡ ವ್ಯತ್ಯಾಸ ಇರಲ್ಲ. ಇದು ಅನಿಮೆಯ ಸ್ಟೈಲ್ ಅಂತ ನಾವೆಲ್ಲ ಒಪ್ಪಿಕೊಂಡಿದ್ದೇವೆ. ಆದರೆ ಇದು ಶುರುವಾಗಿದ್ದು ಕಾಸಿಲ್ಲದ ಕಷ್ಟದಲ್ಲಿ. 1963ರಲ್ಲಿ ಟೋಕಿಯೋದ ಒಂದು ಹೊಸ ಸ್ಟುಡಿಯೋ ಹತ್ತಿರ ದುಡ್ಡಿರಲಿಲ್ಲ, ಸಾಕಷ್ಟು ಜನ ಇರಲಿಲ್ಲ, ಟೈಮ್ ಅಂತೂ ಮೊದಲೇ ಇರಲಿಲ್ಲ. ಆದರೂ ಪ್ರತಿ ವಾರ ಅರ್ಧ ಗಂಟೆಯ ಕಾರ್ಟೂನ್ ಕೊಡ್ತೀವಿ ಅಂತ ಟೀವಿಯವರಿಗೆ ಮಾತು ಕೊಟ್ಟಾಗಿತ್ತು. ಮಾತು ಕೊಟ್ಟವರು ಒಸಾಮು ತೆಜುಕಾ. ಇವರು ಓದಿದ್ದು ಮೆಡಿಕಲ್.

ಜಪಾನಿನಲ್ಲಿ ತೆಜುಕಾ ಅವರನ್ನ ಮಂಗಾದ ದೇವರು ಅಂತಾರೆ. ಮಂಗಾ ಅಂದರೆ ಜಪಾನಿ ಕಾಮಿಕ್ಸ್, ಗೊತ್ತಿಲ್ಲದ ಫಸ್ಟ್ ಇಯರ್‌ನವರಿಗೆ ಹೇಳ್ತಿದೀನಿ. ದೇವರು ಅಂತ ಕರೆದ ತಕ್ಷಣ ಮನುಷ್ಯ ಕಾಣೆಯಾಗಿಬಿಡ್ತಾನೆ. ನನಗೆ ಇಷ್ಟ ಆಗಿದ್ದು ದೇವರ ಕಥೆಗಿಂತ ಆ ಮನುಷ್ಯನ ಕಥೆ. ಹೊಟ್ಟೆಕಿಚ್ಚು ಪಡೋ, ಡೆಡ್‌ಲೈನ್ ತಪ್ಪಿಸೋ, ಕಂಪನಿ ಮುಳುಗಿಸಿ ಮತ್ತೆ ಎದ್ದು ಕೂತು ಬರೆಯೋ ಮನುಷ್ಯ.

ಹುಟ್ಟಿದ್ದು 1928ರ ನವೆಂಬರ್ 3, ಒಸಾಕಾ ಪಕ್ಕದ ತೊಯೊನಾಕಾದಲ್ಲಿ. ಅದು ಮೇಜಿ ಚಕ್ರವರ್ತಿಯ ಹುಟ್ಟುಹಬ್ಬದ ದಿನ, ಅದಕ್ಕೇ ಮೇಜಿ ಅನ್ನೋ ಹೆಸರಿನ ಎರಡನೇ ಅಕ್ಷರ ತಗೊಂಡು ಮಗುವಿಗೆ ಒಸಾಮು ಅಂತ ಹೆಸರಿಟ್ಟರು. ಬೆಳೆದಿದ್ದು ತಕರಾಜುಕಾ ಅನ್ನೋ ಊರಲ್ಲಿ. ಆ ಊರಲ್ಲಿ ಒಂದು ಪ್ರಸಿದ್ಧ ನಾಟಕ ಕಂಪನಿ ಇದೆ, ಅಲ್ಲಿ ಗಂಡಸರ ಪಾತ್ರವನ್ನೂ ಹೆಂಗಸರೇ ಮಾಡ್ತಾರೆ. ತಾಯಿ ಮಗನನ್ನ ಕರ್ಕೊಂಡು ಆ ನಾಟಕಗಳಿಗೆ ಹೋಗ್ತಿದ್ದರು. ಮನೆಯಲ್ಲಿ ಮಂಗಾ ಪುಸ್ತಕ ಹಿಡಿದು ಒಂದೊಂದು ಪಾತ್ರಕ್ಕೆ ಒಂದೊಂದು ದನಿ ಮಾಡಿ ಓದಿ ಹೇಳ್ತಿದ್ದರು. ತಂದೆಗೆ ಸಿನಿಮಾ ಹುಚ್ಚು, ಮನೆಯಲ್ಲೇ ಒಂದು ಪುಟ್ಟ ಪ್ರೊಜೆಕ್ಟರ್ ಇತ್ತು. ಚಾಪ್ಲಿನ್, ಡಿಸ್ನಿ ಎಲ್ಲ ಗೋಡೆ ಮೇಲೆ ಓಡ್ತಿತ್ತು. 1930ರ ದಶಕದಲ್ಲಿ ಒಂದು ಮಗುವಿಗೆ ಇದು ಸಣ್ಣ ಅದೃಷ್ಟ ಅಲ್ಲ.

ಶಾಲೆಯಲ್ಲಿ ಮಾತ್ರ ಅದೃಷ್ಟ ಅಷ್ಟಕ್ಕಷ್ಟೇ. ಕುಳ್ಳಗೆ, ಸಣಕಲು ಮೈ, ಕನ್ನಡಕ, ಗುಂಗುರು ಕೂದಲು. ಜಪಾನಿನಲ್ಲಿ ಗುಂಗುರು ಕೂದಲು ಅಪರೂಪ, ಹಾಗಾಗಿ ಚೆನ್ನಾಗಿ ರೇಗಿಸಿಕೊಂಡ. ಹುಡುಗ ಕಂಡುಕೊಂಡ ದಾರಿ ಚಿತ್ರ ಬಿಡಿಸೋದು. ನೋಟ್‌ಬುಕ್ಕಲ್ಲಿ ಬರೆದ ಕಾಮಿಕ್ಸ್ ಕ್ಲಾಸಲ್ಲಿ ಕೈಯಿಂದ ಕೈಗೆ ಓಡಾಡೋಕೆ ಶುರುವಾಯ್ತು, ರೇಗಿಸ್ತಿದ್ದವರೇ ಮುಂದಿನ ಭಾಗ ಯಾವಾಗ ಅಂತ ಕೇಳೋ ಹಾಗಾಯ್ತು.

ಇನ್ನೊಂದು ಹುಚ್ಚು ಹುಳ ಹಿಡಿಯೋದು. ತಕರಾಜುಕಾ ಸುತ್ತ ಆಗ ಗುಡ್ಡ, ಕಾಡು. ಹುಡುಗ ಹುಳ ಹಿಡಿದು ಅವುಗಳ ಕಾಲು, ಮೀಸೆ, ರೆಕ್ಕೆ ಒಂದೂ ಬಿಡದೆ ಚಿತ್ರ ಬಿಡಿಸ್ತಿದ್ದ. ಜಪಾನಿನಲ್ಲಿ ಒಸಾಮುಶಿ ಅಂತ ಒಂದು ಜೀರುಂಡೆ ಜಾತಿ ಇದೆ. ತನ್ನ ಹೆಸರಿಗೂ ಅದಕ್ಕೂ ಹೊಂದಿಕೆ ಇರೋದು ನೋಡಿ ಖುಷಿಯಾಗಿ, ಹೆಸರಿನ ಕೊನೆಗೆ ಹುಳ ಅಂತ ಅರ್ಥ ಬರೋ ಅಕ್ಷರ ಸೇರಿಸಿಕೊಂಡ. ಓದುವಾಗ ಆ ಅಕ್ಷರಕ್ಕೆ ಬೇರೆ ಉಚ್ಚಾರ ಇಲ್ಲ, ಬರೆಯುವಾಗ ಮಾತ್ರ ಇರುತ್ತೆ. ಮುಂದೆ ಕಟ್ಟಿದ ಸ್ಟುಡಿಯೋಗೂ ಮುಶಿ, ಅಂದರೆ ಹುಳ ಅಂತಾನೇ ಹೆಸರು.

ಅಷ್ಟರಲ್ಲಿ ಯುದ್ಧ ಬಂತು. ಹದಿನಾರರ ಹುಡುಗರನ್ನೆಲ್ಲ ಕ್ಲಾಸಿಂದ ಎಬ್ಬಿಸಿ ಫ್ಯಾಕ್ಟರಿ ಕೆಲಸಕ್ಕೆ ಹಾಕಿದರು. 1945ರಲ್ಲಿ ಅಮೆರಿಕದ ವಿಮಾನಗಳು ಒಸಾಕಾ ಮೇಲೆ ಬೆಂಕಿ ಬಾಂಬ್ ಸುರಿಸಿದಾಗ ತೆಜುಕಾ ಫ್ಯಾಕ್ಟರಿಯ ಕಾವಲು ಗೋಪುರದ ಮೇಲೆ ಡ್ಯೂಟಿಯಲ್ಲಿದ್ದರು. ಬಾಂಬ್ ಹತ್ತಿರದಲ್ಲೇ ಬಿತ್ತು, ಹೇಗೋ ಬದುಕಿದರು. ಕೆಳಗೆ ಕಂಡ ಹೆಣಗಳು ಕೊನೇವರೆಗೂ ಅವರ ಕಥೆಗಳಲ್ಲಿ ಬರ್ತಾನೇ ಇರ್ತವೆ. ಮಕ್ಕಳ ಕಾಮಿಕ್ಸಲ್ಲಿ ಇಷ್ಟೊಂದು ಸಾವು ಯಾಕೆ ಅಂತ ಅನ್ನಿಸಿದರೆ ಉತ್ತರ ಇಲ್ಲಿದೆ.

ಅದೇ ವರ್ಷ ಏಪ್ರಿಲಲ್ಲಿ, ಅರ್ಧ ಸುಟ್ಟ ಒಸಾಕಾದ ಒಂದು ಥಿಯೇಟರಲ್ಲಿ ಮೊಮೊತಾರೋ ಅನ್ನೋ ಜಾನಪದ ಹೀರೋ ಇಟ್ಕೊಂಡು ಮಾಡಿದ ಕಾರ್ಟೂನ್ ಸಿನಿಮಾ ನೋಡಿದರು. ಜಪಾನಿನ ಮೊದಲ ಪೂರ್ಣಾವಧಿ ಅನಿಮೇಷನ್ ಚಿತ್ರ ಅದು. ನೌಕಾಪಡೆ ದುಡ್ಡು ಹಾಕಿ ಮಾಡಿಸಿದ ಶುದ್ಧ ಪ್ರಚಾರದ ಸಿನಿಮಾ. ಥಿಯೇಟರಲ್ಲಿ ಜನಾನೇ ಇರಲಿಲ್ಲ, ಯಾಕಂದ್ರೆ ನೋಡಬೇಕಾದ ಮಕ್ಕಳನ್ನೆಲ್ಲ ಹಳ್ಳಿಗಳಿಗೆ ಕಳಿಸಿದ್ದರು. ಆದರೆ ಪ್ರಚಾರದ ನಡುವೆ ಪ್ರಾಣಿಗಳು ಹಾಡೋ, ಹೂವಿನ ಬೀಜ ಗಾಳಿಯಲ್ಲಿ ತೇಲೋ ದೃಶ್ಯಗಳಿದ್ದವು. ಹುಡುಗ ಅತ್ತುಬಿಟ್ಟ. ಜೀವನದಲ್ಲಿ ಒಂದು ಸಲವಾದರೂ ಇಂಥದ್ದೊಂದು ಮಾಡಲೇಬೇಕು ಅಂತ ಆವತ್ತೇ ತೀರ್ಮಾನ ಮಾಡಿದ್ದಾಗಿ ಮುಂದೆ ಬರೆದುಕೊಂಡಿದ್ದಾರೆ.

ತೀರ್ಮಾನ ಏನೋ ಆಯ್ತು, ಸೇರಿದ್ದು ಮಾತ್ರ ಮೆಡಿಕಲ್ ಕಾಲೇಜು. ನಮಗೆ ಯಾರಿಗೂ ಇದು ವಿಚಿತ್ರ ಅನ್ನಿಸಲ್ಲ ಬಿಡಿ. ಆದರೆ ಅವರು ಅಪ್ಪ ಅಮ್ಮನ ಬಲವಂತಕ್ಕೆ ಹೋದವರಲ್ಲ. ಯುದ್ಧದ ಸಮಯದಲ್ಲಿ ಎರಡೂ ತೋಳಿಗೆ ಚರ್ಮದ ಸೋಂಕು ತಗುಲಿ ಕೈ ಕತ್ತರಿಸೋ ಸ್ಥಿತಿ ಬಂದಿತ್ತು. ಒಬ್ಬ ಡಾಕ್ಟರ್ ಉಳಿಸಿಕೊಟ್ಟರು. ಆ ಕೈ ಉಳಿದದ್ದರಿಂದಲೇ ಮುಂದಿನ ಒಂದೂವರೆ ಲಕ್ಷ ಪುಟ ಬಂದಿದ್ದು. ಡಾಕ್ಟರ್ ಆಗಬೇಕು ಅನ್ನೋ ಆಸೆ ಅಲ್ಲಿಂದ.

1945ರಲ್ಲಿ ಒಸಾಕಾ ವಿಶ್ವವಿದ್ಯಾಲಯದ ಮೆಡಿಕಲ್ ವಿಭಾಗ ಸೇರಿದರು. 1946ರ ಜನವರಿಯಲ್ಲಿ, ಹದಿನೇಳನೇ ವಯಸ್ಸಲ್ಲಿ, ಮಕ್ಕಳ ಪತ್ರಿಕೆಯೊಂದರಲ್ಲಿ ನಾಲ್ಕು ಚೌಕದ ಕಾಮಿಕ್ ಶುರುವಾಯ್ತು. ಅಲ್ಲಿಂದ ಎರಡು ಕೆಲಸ ಒಟ್ಟಿಗೆ. ಬೆಳಗ್ಗೆ ಲೆಕ್ಚರ್, ರಾತ್ರಿ ಡ್ರಾಯಿಂಗ್. ಅವರ ಕ್ಲಾಸ್ ನೋಟ್ಸಲ್ಲಿ ಮೂಳೆ, ನರದ ಚಿತ್ರಗಳ ಪಕ್ಕದಲ್ಲಿ ಕಾರ್ಟೂನ್ ಮುಖಗಳಿವೆ. ಮೂಳೆ ಚಿತ್ರಗಳೂ ಅಷ್ಟೇ ಚೆನ್ನಾಗಿವೆ, ಅದು ಹೊಟ್ಟೆ ಉರಿಸೋ ವಿಷಯ.

1947ರಲ್ಲಿ ಬಂದಿದ್ದು ಹೊಸ ನಿಧಿ ದ್ವೀಪ ಅನ್ನೋ ಅರ್ಥದ ಶಿನ್ ತಕರಾಜಿಮಾ. ಕಥೆ ಸಕಾಯಿ ಶಿಚಿಮಾ ಅವರದು, ಚಿತ್ರ ತೆಜುಕಾ ಅವರದು. ಯುದ್ಧ ಸೋತ ದೇಶ, ಅನ್ನಕ್ಕೇ ಗತಿಯಿಲ್ಲದ ಕಾಲ. ಒಸಾಕಾದ ಸಣ್ಣ ಪ್ರಕಾಶಕರು ಕಳಪೆ ಕಾಗದದಲ್ಲಿ ಕೆಂಪು ಮುಖಪುಟದ ಅಗ್ಗದ ಪುಸ್ತಕ ಅಚ್ಚು ಹಾಕಿ ಆಟದ ಸಾಮಾನಿನ ಅಂಗಡಿಗಳಲ್ಲಿ ಮಾರ್ತಿದ್ದರು. ಇದೂ ಅಂಥದ್ದೇ. ಅದು ನಾಲ್ಕು ಲಕ್ಷ ಪ್ರತಿ ಹೋಯ್ತು ಅಂತ ಸಾಮಾನ್ಯವಾಗಿ ಹೇಳ್ತಾರೆ. ಮೊದಲ ಪುಟಗಳಲ್ಲಿ ಒಬ್ಬ ಹುಡುಗ ಕಾರು ಓಡಿಸಿಕೊಂಡು ಬಂದರಿಗೆ ಹೋಗ್ತಾನೆ, ಅಷ್ಟೇ. ಆದರೆ ಕಾರು ದೂರದಿಂದ ಬರುತ್ತೆ, ಹತ್ತಿರ ಬರುತ್ತೆ, ಹುಡುಗನ ಮುಖ ಕಾಣುತ್ತೆ, ಮತ್ತೆ ಕಾರು ತಿರುಗುತ್ತೆ. ಅಲ್ಲಿವರೆಗೆ ಬಹುತೇಕ ಕಾಮಿಕ್ಸ್ ನಾಟಕದ ಸ್ಟೇಜ್ ಥರ ಇರ್ತಿತ್ತು, ಪಾತ್ರಗಳು ಪೂರ್ತಿ ಮೈ ಕಾಣೋ ಹಾಗೆ ಸಾಲಾಗಿ ನಿಂತು ಮಾತಾಡ್ತಿದ್ದವು. ಇಲ್ಲಿ ಕ್ಯಾಮೆರಾ ಓಡಾಡ್ತಿದೆ. ಅಪ್ಪನ ಪ್ರೊಜೆಕ್ಟರ್ ಕಾಗದದ ಮೇಲೆ ಬಂದ ಹಾಗೆ. ಆ ಪುಸ್ತಕ ನೋಡಿದ ಎಷ್ಟೋ ಹುಡುಗರು ಅವತ್ತೇ ಪೆನ್ ಹಿಡಿದರು. ಅವರಲ್ಲಿ ಇಬ್ಬರು ಸ್ವಲ್ಪ ಹೊತ್ತಲ್ಲಿ ಬರ್ತಾರೆ.

ಡಾಕ್ಟರೋ, ಮಂಗಾನೋ? ಈ ಪ್ರಶ್ನೆ ಬಂದಾಗ ತಾಯಿಯ ಮುಂದೆ ಇಟ್ಟರು. ನಿನಗೆ ಯಾವುದು ನಿಜವಾಗಲೂ ಇಷ್ಟ ಅಂತ ಕೇಳಿದರು ತಾಯಿ. ಮಂಗಾ ಅಂದ ಮಗ. ಹಾಗಾದರೆ ಅದನ್ನೇ ಮಾಡು ಅಂದರಂತೆ. ಈ ಘಟನೆಯನ್ನ ಮೋಟಿವೇಷನ್ ವಿಡಿಯೋ ಥರ ಹೇಳೋರಿದ್ದಾರೆ. ಆದರೆ ಮುಂದಿನ ಭಾಗ ಬಿಟ್ಟುಬಿಡ್ತಾರೆ. ತೆಜುಕಾ ಓದು ಬಿಡಲಿಲ್ಲ. 1951ರಲ್ಲಿ ಡಿಗ್ರಿ ಮುಗಿಸಿದರು, ಆಮೇಲೆ ವೈದ್ಯರ ರಾಷ್ಟ್ರೀಯ ಪರೀಕ್ಷೆಯನ್ನೂ ಪಾಸ್ ಮಾಡಿದರು. ಅಷ್ಟೊತ್ತಿಗೆ ಬಿಳಿ ಸಿಂಹದ ಮರಿಯ ಕಥೆ ಜಂಗಲ್ ಎಂಪರರ್ ಪತ್ರಿಕೆಯಲ್ಲಿ ಓಡ್ತಿತ್ತು, ದೇಶದ ತುಂಬ ಹೆಸರಾಗಿತ್ತು. ಬ್ಯಾಕ್‌ಲಾಗ್ ಇಟ್ಕೊಂಡು ಸ್ಟಾರ್ಟಪ್ ಕನಸು ಕಾಣೋರು ಇದನ್ನ ಒಂದು ಸಲ ಓದಿಕೊಳ್ಳಿ, ನನ್ನನ್ನೂ ಸೇರಿಸಿ.

1952ರಲ್ಲಿ ಅತಿ ಪ್ರಸಿದ್ಧ ಪಾತ್ರ ಬಂತು. ಜಪಾನಿನಲ್ಲಿ ತೆತ್ಸುವಾನ್ ಆತೋಮು, ಹೊರಗೆ ಆಸ್ಟ್ರೋ ಬಾಯ್. ಡಾಕ್ಟರ್ ತೆನ್ಮಾ ಅನ್ನೋ ವಿಜ್ಞಾನಿಯ ಮಗ ಅಪಘಾತದಲ್ಲಿ ಸಾಯ್ತಾನೆ. ಅದೇ ಮುಖದ ರೋಬೋ ಹುಡುಗನನ್ನ ಅಪ್ಪ ಕಟ್ಟುತ್ತಾನೆ. ಆದರೆ ರೋಬೋ ಬೆಳೆಯಲ್ಲ. ವರ್ಷ ಕಳೆದರೂ ಅಷ್ಟೇ ಎತ್ತರ. ಸಿಟ್ಟು ಬಂದು ಅಪ್ಪ ಅವನನ್ನ ಸರ್ಕಸ್ಸಿಗೆ ಮಾರಿಬಿಡ್ತಾನೆ. ಒಂದು ಲಕ್ಷ ಹಾರ್ಸ್‌ಪವರ್ ಇರೋ ಹೀರೋ, ಆದರೆ ಮೂಲದಲ್ಲಿ ಅಪ್ಪನಿಗೆ ಬೇಡವಾದ ಮಗು. ಕಥೆಯಲ್ಲಿ ಅವನ ಹುಟ್ಟಿದ ದಿನ 2003ರ ಏಪ್ರಿಲ್ 7. ಆ ದಿನ ನಿಜವಾಗಿ ಬಂದಾಗ ಜಪಾನಿನಲ್ಲಿ ಹಬ್ಬ ಮಾಡಿದರು. ಅಲ್ಲಿನ ರೋಬೋಟಿಕ್ಸ್ ಇಂಜಿನಿಯರುಗಳಲ್ಲಿ ಎಷ್ಟೋ ಜನ ಈ ಹುಡುಗನನ್ನ ನೋಡಿಯೇ ಈ ಫೀಲ್ಡಿಗೆ ಬಂದದ್ದು ಅಂತ ಹೇಳಿಕೊಳ್ತಾರೆ.

ಆ ಹೊತ್ತಿಗೆ ಟೋಕಿಯೋಗೆ ಬಂದಿದ್ದ ತೆಜುಕಾ 1953ರಲ್ಲಿ ತೋಕಿವಾ-ಸೋ ಅನ್ನೋ ಮರದ ವಠಾರದಲ್ಲಿ ಒಂದು ಪುಟ್ಟ ರೂಮ್ ಹಿಡಿದರು. ಕಾಮನ್ ಅಡುಗೆಮನೆ, ಕಾಮನ್ ಟಾಯ್ಲೆಟ್, ನಮ್ಮ ಪೀಜಿಗಳಿಗಿಂತ ಏನೂ ಮೇಲಲ್ಲ. ಮುಂದಿನ ವರ್ಷ ಖಾಲಿ ಮಾಡುವಾಗ ಊರಿಂದ ಬಂದಿದ್ದ ಇಬ್ಬರು ಬಡ ಹುಡುಗರಿಗೆ ಆ ರೂಮ್ ಬಿಟ್ಟುಕೊಟ್ಟರು. ಅಡ್ವಾನ್ಸ್ ದುಡ್ಡನ್ನೂ ವಾಪಸ್ ತಗೊಳ್ಳದೆ ಅವರಿಗೇ ಬಿಟ್ಟರು. ಬೆಂಗಳೂರಲ್ಲಿ ರೂಮ್ ಹುಡುಕಿದವರಿಗೆ ಈ ತ್ಯಾಗದ ಬೆಲೆ ಗೊತ್ತಾಗುತ್ತೆ. ಆ ಇಬ್ಬರು ಫುಜಿಕೋ ಫುಜಿಯೋ ಅನ್ನೋ ಒಂದೇ ಹೆಸರಲ್ಲಿ ಜೋಡಿಯಾಗಿ ಬರೀತಿದ್ದರು. ಅವರಲ್ಲೊಬ್ಬರಾದ ಫುಜಿಮೋತೋ ಬರೆದದ್ದೇ ಡೊರೇಮಾನ್. ನಾವು ಸ್ಕೂಲಿಂದ ಬಂದು ಹಿಂದಿಯಲ್ಲಿ ನೋಡಿ ನೋಡಿ, ಹಿಂದಿ ಪಾಠಕ್ಕಿಂತ ಹೆಚ್ಚು ಹಿಂದಿ ಕಲಿತದ್ದು ಅದೇ ನೊಬಿತಾನಿಂದ.

ಒಳ್ಳೇತನದ ಕಥೆ ಆಯ್ತು, ಈಗ ಉಳಿದದ್ದು. ಒಂದೇ ಸಮಯಕ್ಕೆ ಆರೇಳು ಪತ್ರಿಕೆಗಳಿಗೆ ಬರೆಯೋಕೆ ಒಪ್ಪಿಕೊಳ್ತಿದ್ದರು. ಬೇಡ ಅನ್ನೋಕೆ ಬರ್ತಾನೇ ಇರಲಿಲ್ಲ. ಪತ್ರಿಕೆಗಳ ಎಡಿಟರುಗಳು ಅವರ ಮನೆಯಲ್ಲೇ ಬಿಡಾರ ಹೂಡಿ, ಯಾರ ಪುಟ ಮೊದಲು ಅಂತ ಜಗಳ ಆಡ್ತಿದ್ದರು. ಒಂದೊಂದು ಸಲ ಇವರು ತಪ್ಪಿಸಿಕೊಂಡು ದೂರದ ಕ್ಯೂಶೂ ದ್ವೀಪಕ್ಕೇ ಓಡಿಹೋಗ್ತಿದ್ದರು. ಅಲ್ಲಿ ಹೋಟೆಲಲ್ಲಿ ಕೂತು, ಊರಿನ ಮಂಗಾ ಹುಚ್ಚಿನ ಹುಡುಗರನ್ನ ಸಹಾಯಕ್ಕೆ ಕರೆಸಿಕೊಂಡು ಪುಟ ಮುಗಿಸ್ತಿದ್ದರು. ಎಡಿಟರುಗಳು ಒಸಾಮುಶಿ ಅನ್ನೋ ಹೆಸರನ್ನ ತಿರುಚಿ ಒಸೊಮುಶಿ ಅಂತಿದ್ದರು, ಅಂದರೆ ತಡದ ಹುಳ. ಇನ್ನೂ ಸಿಟ್ಟು ಬಂದಾಗ ಉಸೊಮುಶಿ, ಸುಳ್ಳಿನ ಹುಳ. ರೆಕಾರ್ಡ್ ಸಬ್ಮಿಷನ್ ಹಿಂದಿನ ರಾತ್ರಿ ನಮ್ಮ ಹಾಸ್ಟೆಲ್ ಇರೋ ಸ್ಥಿತಿ ಅವರ ಮನೆಯಲ್ಲಿ ವರ್ಷಪೂರ್ತಿ.

ಹೊಟ್ಟೆಕಿಚ್ಚೂ ಕಮ್ಮಿ ಇರಲಿಲ್ಲ. ಆಗಲೇ ದೇವರು ಅನ್ನಿಸಿಕೊಂಡಿದ್ದ ಮನುಷ್ಯ, ಚಿಕ್ಕವರ ಹೊಸ ಕೆಲಸ ನೋಡಿ ಒದ್ದಾಡ್ತಿದ್ದರು. ತಮ್ಮ ಶಿಷ್ಯನಂತಿದ್ದ ಇಶಿನೊಮೊರಿ ಶೋತಾರೋ 1960ರ ದಶಕದಲ್ಲಿ ಜುನ್ ಅನ್ನೋ ಪ್ರಯೋಗದ ಕೃತಿ ಬರೆದಾಗ, ಇದು ಮಂಗಾನೇ ಅಲ್ಲ ಅನ್ನೋ ಅರ್ಥದಲ್ಲಿ ಒಬ್ಬ ಓದುಗನಿಗೆ ಪತ್ರ ಬರೆದರು. ಅದು ತಿರುಗಿ ತಿರುಗಿ ಇಶಿನೊಮೊರಿ ಕೈಗೇ ಸಿಕ್ಕಿತು. ಅವರು ಬೇಜಾರಾಗಿ ಬರೆಯೋದನ್ನೇ ನಿಲ್ಲಿಸ್ತೀನಿ ಅಂದರು. ತೆಜುಕಾ ತಾವೇ ಅವರ ಮನೆಗೆ ಹೋಗಿ, ಯಾಕೆ ಹಾಗೆ ಮಾಡಿದೆನೋ ತಮಗೇ ಅರ್ಥವಾಗಲಿಲ್ಲ ಅಂತ ಹೇಳಿ ಕ್ಷಮೆ ಕೇಳಿದರು. ತನಗಿಂತ ಹತ್ತು ವರ್ಷ ಚಿಕ್ಕವನ ಬಾಗಿಲಿಗೆ ಹೋಗಿ ಕ್ಷಮೆ ಕೇಳೋದು ಎಷ್ಟು ದೊಡ್ಡ ಮನುಷ್ಯರಿಗೆ ಆಗುತ್ತೆ ಹೇಳಿ.

1961ರಲ್ಲಿ ಎರಡು ವಿಷಯ ನಡೆದವು. ಒಂದು, ನಾರಾ ಮೆಡಿಕಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಬಂತು. ವಿಷಯ ಕೆರೆಯ ಬಸವನಹುಳುವಿನ ವೀರ್ಯಕೋಶಗಳ ಪೊರೆ, ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ನೋಡಿದ್ದು. ದೇಶದಲ್ಲೇ ಹೆಚ್ಚು ಬ್ಯುಸಿ ಇದ್ದ ಮಂಗಾ ಲೇಖಕನಿಗೆ ಇದಕ್ಕೆ ಎಲ್ಲಿಂದ ಟೈಮ್ ಸಿಕ್ಕಿತೋ! ಎರಡನೇದು, ತಮ್ಮ ಮನೆಯ ಹತ್ತಿರವೇ ಅನಿಮೇಷನ್ ಕೆಲಸ ಶುರು ಮಾಡಿದರು. ಮಂಗಾದಲ್ಲಿ ದುಡಿದದ್ದೆಲ್ಲ ಅಲ್ಲಿಗೆ. ಮಂಗಾ ನನ್ನ ಹೆಂಡತಿ, ಅನಿಮೇಷನ್ ನನ್ನ ಪ್ರೇಯಸಿ ಅನ್ನೋ ಧಾಟಿಯಲ್ಲಿ ಮಾತಾಡ್ತಿದ್ದರು. ಪ್ರೇಯಸಿ ಖರ್ಚಿನವಳು. 1962ರಲ್ಲಿ ಆ ಸ್ಟುಡಿಯೋಗೆ ಮುಶಿ ಪ್ರೊಡಕ್ಷನ್ ಅಂತ ಹೆಸರಾಯ್ತು. ಮೊದಲು ಮಾಡಿದ್ದು ಒಂದು ಬೀದಿಮೂಲೆಯ ಪೋಸ್ಟರುಗಳ ಕಥೆ, ಕಲಾತ್ಮಕ ಚಿತ್ರ, ಪ್ರಶಸ್ತಿಗಳೂ ಬಂದವು. ಪ್ರಶಸ್ತಿಯಿಂದ ಸಂಬಳ ಕೊಡೋಕಾಗಲ್ಲ. ಅದಕ್ಕೇ ಟೀವಿ, ಅದಕ್ಕೇ ಆಸ್ಟ್ರೋ ಬಾಯ್.

ಈಗ ಲೆಕ್ಕಕ್ಕೆ ಬರೋಣ, ಇಂಜಿನಿಯರಿಂಗ್ ಕಾಲೇಜಲ್ಲಿದ್ದೀವಿ. ಫಿಲ್ಮ್ ಸೆಕೆಂಡಿಗೆ 24 ಫ್ರೇಮ್ ಓಡುತ್ತೆ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಜಾಹೀರಾತು ಬಿಟ್ಟರೆ ಸುಮಾರು 25 ನಿಮಿಷ. 25 ಗುಣಿಸು 60 ಗುಣಿಸು 24, ಅಂದರೆ 36,000 ಫ್ರೇಮ್. ಡಿಸ್ನಿಯವರು ಒಂದು ಚಿತ್ರವನ್ನ ಒಂದು ಅಥವಾ ಎರಡು ಫ್ರೇಮ್ ಹಿಡೀತಿದ್ದರು, ಹಾಗಾದರೂ 18,000 ಚಿತ್ರ ಬೇಕು. ಎಲ್ಲ ಕೈಯಲ್ಲಿ ಬರೆದು, ಪಾರದರ್ಶಕ ಹಾಳೆಗೆ ಇಳಿಸಿ, ಬಣ್ಣ ಹಚ್ಚಿ, ಒಂದೊಂದಾಗಿ ಫೋಟೋ ತೆಗೀಬೇಕು. ಒಂದು ವಾರದಲ್ಲಿ. ಆಗಲ್ಲ.

ತೆಜುಕಾ ತಂಡ ಒಂದು ಚಿತ್ರವನ್ನ ಮೂರು ಫ್ರೇಮ್ ಹಿಡಿಯಿತು. ಸೆಕೆಂಡಿಗೆ 24ರ ಬದಲು ಎಂಟು. ಆಗಲೂ 12,000. ಅಲ್ಲಿಂದ ಇನ್ನೂ ಕತ್ತರಿ. ಮಾತಾಡುವಾಗ ಬಾಯಿ ಮಾತ್ರ ಬೇರೆ ಹಾಳೆಯಲ್ಲಿ ಬರೆದು ಮುಚ್ಚು, ಅರೆತೆರೆ, ತೆರೆ ಅಂತ ಬದಲಾಯಿಸೋದು. ನಿಂತ ಚಿತ್ರದ ಮೇಲೆ ಕ್ಯಾಮೆರಾ ಸರಿಸೋದು, ಚಿತ್ರ ಅಲ್ಲಾಡದಿದ್ದರೂ ನೋಡೋರ ಕಣ್ಣು ಅಲ್ಲಾಡುತ್ತೆ. ಓಡೋ ಪಾತ್ರಕ್ಕೆ ನಾಲ್ಕಾರು ಚಿತ್ರ ಮಾಡಿ ತಿರುಗಿಸ್ತಾ ಹಿನ್ನೆಲೆ ಎಳೆಯೋದು. ಮತ್ತೆ ಬ್ಯಾಂಕ್ ಅಂತ ಒಂದು ವ್ಯವಸ್ಥೆ: ಆಸ್ಟ್ರೋ ಹಾರೋದು, ಕಣ್ಣು ಮಿಟುಕಿಸೋದು, ತಿರುಗೋದು ಎಲ್ಲವನ್ನೂ ಎತ್ತಿಟ್ಟು ಮುಂದಿನ ವಾರ ಆಕಾಶ ಮಾತ್ರ ಬದಲಾಯಿಸಿ ಮತ್ತೆ ಬಳಸೋದು. ಸಿಎಸ್‌ನವರು ಇದಕ್ಕೆ ಕೋಡ್ ರೀಯೂಸ್ ಅಂತಾರೆ. ಕೊನೆಗೆ ಒಂದು ಕಂತಿಗೆ ಎರಡು ಸಾವಿರದ ಆಸುಪಾಸು ಚಿತ್ರಗಳಲ್ಲಿ ಕೆಲಸ ಮುಗಿಯೋ ಹಾಗಾಯ್ತು. ಕಡಿಮೆ ಚಿತ್ರದ ಅನಿಮೇಷನ್ ತೆಜುಕಾ ಕಂಡುಹಿಡಿದದ್ದಲ್ಲ, ಅಮೆರಿಕದಲ್ಲಿ ಫ್ಲಿಂಟ್‌ಸ್ಟೋನ್ಸ್ ಮಾಡಿದವರು ಆಗಲೇ ಮಾಡ್ತಿದ್ದರು. ಆದರೆ ಅವರದು ಜೋಕಿನ ಕಾರ್ಟೂನ್, ಮಾತೇ ಜೀವಾಳ. ಸಾಯೋ, ಅಳೋ, ಯುದ್ಧ ಮಾಡೋ ದೊಡ್ಡ ಕಥೆಯನ್ನ ಇಷ್ಟು ಕಮ್ಮಿ ಚಿತ್ರದಲ್ಲಿ ಹೇಳಿ ಕಣ್ಣಲ್ಲಿ ನೀರು ತರಿಸಿದ್ದು ಮುಶಿಯವರು. ಅದು ಹೇಗೆ ಸಾಧ್ಯವಾಯ್ತು ಅಂದರೆ, ನಿಂತ ಚೌಕಗಳಲ್ಲಿ ಕಥೆ ಓಡಿಸೋದನ್ನ ತೆಜುಕಾ ಕಾಗದದ ಮೇಲೆ ಹದಿನೈದು ವರ್ಷ ಅಭ್ಯಾಸ ಮಾಡಿದ್ದರು.

1963ರ ಜನವರಿ 1ರಂದು ಫುಜಿ ಟೀವಿಯಲ್ಲಿ ಮೊದಲ ಕಂತು. ಒಂದು ವರ್ಷದಲ್ಲಿ ವೀಕ್ಷಕರ ಪ್ರಮಾಣ 40 ಪರ್ಸೆಂಟ್ ದಾಟಿತು. ಅಮೆರಿಕದ ಎನ್‌ಬಿಸಿ ಅಂಗಸಂಸ್ಥೆ 52 ಕಂತು ಕೊಂಡುಕೊಂಡಿತು. 1966ರ ಕೊನೆ ದಿನದವರೆಗೆ 193 ಕಂತು ಬಂದವು.

ಎಡವಟ್ಟು ಇದ್ದದ್ದು ಬೆಲೆಯಲ್ಲಿ. ತೆಜುಕಾ ಒಂದು ಕಂತನ್ನ ತಯಾರಿ ಖರ್ಚಿಗಿಂತ ಎಷ್ಟೋ ಕಡಿಮೆಗೆ ಟೀವಿಗೆ ಕೊಟ್ಟರು. ಬೆಲೆ ಜಾಸ್ತಿ ಹೇಳಿದರೆ ಸ್ಪಾನ್ಸರ್ ಒಪ್ಪಲ್ಲ, ಕಮ್ಮಿ ಹೇಳಿದರೆ ಬೇರೆ ಯಾವ ಸ್ಟುಡಿಯೋನೂ ಪೈಪೋಟಿಗೆ ಬರಲ್ಲ ಅನ್ನೋ ಲೆಕ್ಕ. ನಷ್ಟವನ್ನ ಮಂಗಾ ಸಂಪಾದನೆಯಿಂದ, ಆಟದ ಸಾಮಾನು ಮತ್ತೆ ಸ್ಟಿಕರುಗಳಿಂದ ತುಂಬೋದು. ಸ್ಪಾನ್ಸರ್ ಮೇಜಿ ಕಂಪನಿಯ ಚಾಕಲೇಟಿನ ಜೊತೆ ಸಿಗ್ತಿದ್ದ ಆಸ್ಟ್ರೋ ಸ್ಟಿಕರಿಗೆ ಮಕ್ಕಳು ಮುಗಿಬಿದ್ದರು. ಐಡಿಯಾ ವರ್ಕ್ ಆಯ್ತು. ಆದರೆ ಪೈಪೋಟಿಗೆ ಯಾರೂ ಬರಲ್ಲ ಅನ್ನೋ ಭಾಗ ಮಾತ್ರ ಪೂರ್ತಿ ಉಲ್ಟಾ. ಅದೇ ವರ್ಷವೇ ಬೇರೆ ಸ್ಟುಡಿಯೋಗಳು ಬಂದವು, ಟೀವಿಯವರು ಎಲ್ಲರಿಗೂ ಅದೇ ಅಗ್ಗದ ರೇಟನ್ನೇ ತೋರಿಸಿದರು. ತೆಜುಕಾಗೆ ನಷ್ಟ ತುಂಬೋಕೆ ಮಂಗಾ ಇತ್ತು. ಉಳಿದವರಿಗೆ ಇದ್ದದ್ದು ಕೆಲಸಗಾರರ ಸಂಬಳ ಕತ್ತರಿಸೋ ದಾರಿ ಒಂದೇ.

ತೆಜುಕಾ ತೀರಿಹೋದ 1989ರಲ್ಲಿ, ಎಲ್ಲರೂ ಹೊಗಳಿ ಬರೀತಿದ್ದಾಗ, ಹಯಾವೋ ಮಿಯಾಜಾಕಿ ಇದನ್ನೇ ಎತ್ತಿ ನಿಷ್ಠುರವಾಗಿ ಬರೆದರು. ಮಂಗಾದಲ್ಲಿ ಅವರ ಋಣ ಒಪ್ಪಿಕೊಂಡು, ಅನಿಮೇಷನ್ನಲ್ಲಿ ಅವರು ಹಾಕಿಕೊಟ್ಟ ಅಗ್ಗದ ಬೆಲೆಯ ಶಾಪ ಎಲ್ಲರ ಮೇಲೆ ಬಿತ್ತು ಅನ್ನೋದು ಅವರ ಸಾರಾಂಶ. ಸತ್ತವರ ಬಗ್ಗೆ ಹೀಗೆ ಬರೀಬಾರದಿತ್ತು ಅಂತ ಬೈದವರೂ ಇದ್ದರು. ನನ್ನ ಪ್ರಕಾರ ಮಿಯಾಜಾಕಿ ಹೇಳಿದ್ದು ಸರಿ, ಆದರೆ ಪೂರ್ತಿ ಅಲ್ಲ. ಟೀವಿ ಬೆಳೀತಿದ್ದ ಕಾಲ ಅದು, ತೆಜುಕಾ ಅಲ್ಲದಿದ್ದರೆ ಇನ್ಯಾರೋ ಅಗ್ಗಕ್ಕೆ ಮಾಡಿಕೊಡ್ತಿದ್ದರು ಅಂತ ವಾದಿಸೋರಿದ್ದಾರೆ. ಇರಬಹುದು. ಆದರೆ ಆ ಇನ್ಯಾರೋ ಸಾಯೋ ಅಪ್ಪ, ಮಾರಾಟವಾದ ಮಗನ ಕಥೆ ಮಾಡ್ತಿದ್ದರು ಅನ್ನೋ ನಂಬಿಕೆ ನನಗಿಲ್ಲ. ಇವತ್ತಿಗೂ ಜಪಾನಿನಲ್ಲಿ ಚಿತ್ರಗಳ ನಡುವಿನ ಚಿತ್ರ ಬರೆಯೋ ಜೂನಿಯರ್ ಆರ್ಟಿಸ್ಟುಗಳಿಗೆ ಒಂದು ಚಿತ್ರಕ್ಕೆ ಇಷ್ಟು ಅಂತ ಪುಡಿಗಾಸು ಸಿಗುತ್ತೆ. ನಾವು ರಾತ್ರಿಯೆಲ್ಲ ಕೂತು ನೋಡೋ ಸೀಸನ್ನಿನ ಒಂದೊಂದು ಫ್ರೇಮಿಗೂ ಆ ಬೆಲೆ ಅಂಟಿಕೊಂಡಿದೆ.

ಮುಶಿಯ ಒಳಗೂ ಖುಷಿ ಉಳಿಯಲಿಲ್ಲ. ಜನ ನೂರಾರು ಆದರು, ಪ್ರತಿ ವಾರದ ಓಟ ನಿಲ್ಲಲಿಲ್ಲ. 1965ರಲ್ಲಿ ಬಿಳಿ ಸಿಂಹದ ಕಥೆ ಬಣ್ಣದಲ್ಲಿ ಬಂತು, ಜಪಾನಿನ ಮೊದಲ ಕಲರ್ ಟೀವಿ ಅನಿಮೆ ಸರಣಿ. ಡಿಸ್ನಿಯ ಲಯನ್ ಕಿಂಗ್ 1994ರಲ್ಲಿ ಬಂದಾಗ ಇದನ್ನೇ ಹೋಲುತ್ತೆ ಅಂತ ದೊಡ್ಡ ಗಲಾಟೆ ಆಯ್ತು, ಆದರೆ ತೆಜುಕಾ ಕಂಪನಿ ಕೋರ್ಟಿಗೆ ಹೋಗಲಿಲ್ಲ. ಆಮೇಲೆ ದೊಡ್ಡವರಿಗಾಗಿ ಅರೇಬಿಯನ್ ನೈಟ್ಸ್, ಕ್ಲಿಯೋಪಾತ್ರ ಸಿನಿಮಾಗಳು. ಸಾಲ ಬೆಳೀತು. 1971ರಲ್ಲಿ ತೆಜುಕಾ ಅಧ್ಯಕ್ಷ ಸ್ಥಾನ ಬಿಟ್ಟರು, 1973ರ ನವೆಂಬರಲ್ಲಿ ಮುಶಿ ದಿವಾಳಿ ಆಯ್ತು. ಅಲ್ಲಿ ಕೆಲಸ ಕಲಿತವರು ಮಾತ್ರ ಚೆದುರಿ ಬೇರೆ ಬೇರೆ ಕಡೆ ಬೇರುಬಿಟ್ಟರು. ಡೆತ್ ನೋಟ್ ಮಾಡಿದ ಮ್ಯಾಡ್‌ಹೌಸ್, ಗಂಡಮ್ ಮಾಡಿದ ಸನ್‌ರೈಸ್ ಎರಡನ್ನೂ ಕಟ್ಟಿದ್ದು ಮುಶಿಯಿಂದ ಹೊರಬಂದವರು.

ನಲವತ್ತೈದು ವರ್ಷ, ತಲೆ ಮೇಲೆ ಸಾಲ. ಓದುಗರಿಗೆ ಗಡುಸು ಗೆರೆಯ, ಹೊಡೆದಾಟದ ಹೊಸ ಥರದ ಮಂಗಾ ಬೇಕಾಗಿತ್ತು, ತೆಜುಕಾ ಗುಂಡು ಗುಂಡು ಪಾತ್ರಗಳು ಹಳೇದಾಗಿದ್ದವು. ಇವರ ಕಾಲ ಮುಗೀತು ಅಂತ ಎಲ್ಲರೂ ಅಂದುಕೊಂಡಿದ್ದಾಗ ಶೋನೆನ್ ಚಾಂಪಿಯನ್ ವಾರಪತ್ರಿಕೆಯ ಸಂಪಾದಕರು ನಾಲ್ಕೈದು ವಾರದ ಜಾಗ ಕೊಟ್ಟರು, ಒಂಥರಾ ಬೀಳ್ಕೊಡುಗೆ. ಮುಶಿ ಮುಚ್ಚಿದ ಅದೇ ತಿಂಗಳು ಅಲ್ಲಿ ಶುರುವಾಗಿದ್ದು ಬ್ಲ್ಯಾಕ್ ಜಾಕ್. ಮುಖದ ತುಂಬ ಹೊಲಿಗೆ, ಅರ್ಧ ಬಿಳಿ ಕೂದಲು, ಲೈಸೆನ್ಸ್ ಇಲ್ಲದ ಸರ್ಜನ್. ಶ್ರೀಮಂತರ ಹತ್ತಿರ ಕೋಟಿಗಟ್ಟಲೆ ಕೇಳ್ತಾನೆ, ಕೆಲವೊಮ್ಮೆ ಏನೂ ಇಲ್ಲದವರಿಂದ ಏನೂ ತಗೊಳ್ಳಲ್ಲ. ಪ್ರತಿ ಕಂತೂ ಇಪ್ಪತ್ತು ಚಿಲ್ಲರೆ ಪುಟದ ಪೂರ್ತಿ ಕಥೆ. ಅಲ್ಲಿವರೆಗೆ ಕೆಲಸಕ್ಕೆ ಬಾರದೆ ಬಿದ್ದಿದ್ದ ಮೆಡಿಕಲ್ ಡಿಗ್ರಿ ಇಲ್ಲಿ ಎದ್ದು ನಿಂತಿತು. ಕರುಳು, ನರ, ಹೊಲಿಗೆ ಎಲ್ಲ ಕಾಲೇಜಲ್ಲಿ ಬರೆದ ಕೈಯಲ್ಲೇ ಬಂತು. ನಾಲ್ಕು ವಾರಕ್ಕೆ ಅಂತ ಶುರುವಾದದ್ದು ಹತ್ತು ವರ್ಷ ನಡೀತು. ತೆಜುಕಾ ಓದಬೇಕು ಅಂದರೆ ಇಲ್ಲಿಂದ ಶುರು ಮಾಡಿ ಅಂತ ನಾನು ಎಲ್ಲರಿಗೂ ಹೇಳ್ತೀನಿ.

ಇದರ ಜೊತೆಗೇ, 1972ರಿಂದ 1983ರವರೆಗೆ, ಬುದ್ಧನ ಕಥೆ ಬರೆದರು. ಕಪಿಲವಸ್ತು, ಕೋಸಲ, ಮಗಧ ಎಲ್ಲ ಇದೆ, ಆದರೆ ಅಮರ ಚಿತ್ರಕಥೆ ಥರ ಇರುತ್ತೆ ಅಂದುಕೊಂಡು ಹೋದರೆ ಬೆಚ್ಚಿಬೀಳ್ತೀರಿ. ಮೊದಲ ಭಾಗದಲ್ಲಿ ಸಿದ್ಧಾರ್ಥ ಹೀರೋನೇ ಅಲ್ಲ. ಚಾಪ್ರಾ ಅನ್ನೋ ಗುಲಾಮ ಹುಡುಗ, ತತ್ತಾ ಅನ್ನೋ ಕೀಳು ಜಾತಿಯ ಕಳ್ಳ ಹುಡುಗ, ಇವರೇ ಮುಂದೆ. ಇಬ್ಬರೂ ತೆಜುಕಾ ಕಲ್ಪನೆ. ಜಾತಿ ಅನ್ನೋದು ಮಕ್ಕಳಿಗೆ ಏನು ಮಾಡುತ್ತೆ ಅಂತ ಒಬ್ಬ ಜಪಾನಿ ಇಷ್ಟು ನೇರವಾಗಿ ಬರೆದದ್ದು ಓದುವಾಗ ನಮಗೆ ಸ್ವಲ್ಪ ಇರುಸುಮುರುಸೂ ಆಗುತ್ತೆ. ಇಂಗ್ಲಿಷ್ ಅನುವಾದ ಎಂಟು ಸಂಪುಟಗಳಲ್ಲಿ ಇಲ್ಲೂ ಸಿಗುತ್ತೆ. ಕನ್ನಡಕ್ಕೆ ಯಾರಾದರೂ ತಂದರೆ ಎಷ್ಟು ಚೆನ್ನಾಗಿರುತ್ತೆ.

ಅನಿಮೇಷನ್ ಸಾಲ ತೀರಿತು, ಆದರೆ ಮನಸ್ಸಿನ ಬಾಕಿ ಇನ್ನೂ ಇತ್ತು. 1980ರ ದಶಕದಲ್ಲಿ ದುಡ್ಡಿಗಲ್ಲದೆ ಸಣ್ಣ ಸಣ್ಣ ಪ್ರಯೋಗದ ಚಿತ್ರ ಮಾಡಿದರು. 1984ರ ಜಂಪಿಂಗ್ ಆರು ನಿಮಿಷದ್ದು, ಎಲ್ಲೂ ಕಟ್ ಇಲ್ಲ, ಜಿಗಿಯೋ ಹುಡುಗನ ಕಣ್ಣಿಂದಲೇ ಇಡೀ ಚಿತ್ರ, ಝಾಗ್ರೆಬ್ ಉತ್ಸವದಲ್ಲಿ ಮೊದಲ ಬಹುಮಾನ ಬಂತು. 1987ರ ಲೆಜೆಂಡ್ ಆಫ್ ದಿ ಫಾರೆಸ್ಟ್ ಇನ್ನೂ ವಿಶೇಷ. ಚೈಕೋವ್ಸ್ಕಿ ಸಂಗೀತಕ್ಕೆ ಮಾಡಿದ್ದು, ಮಾತಿಲ್ಲ. ಕಾಡು ಕಡಿಯೋರ ವಿರುದ್ಧ ಕಾಡಿನ ಜೀವಿಗಳ ಹೋರಾಟ. ಕಾಡಿನ ಕಡೆಯವರೆಲ್ಲ ಡಿಸ್ನಿ ಥರ ನುಣುಪಾಗಿ, ಮೈತುಂಬ ಚಲಿಸ್ತಾರೆ. ಮರ ಕಡಿಯೋ ಖಳರು ಮಾತ್ರ ಟೀವಿ ಕಾರ್ಟೂನಿನ ಹಾಗೆ, ಕಮ್ಮಿ ಚಿತ್ರಗಳಲ್ಲಿ, ಕುಲುಕ್ ಕುಲುಕ್ ಅಂತ. ತಾವೇ ಟೀವಿಗೆ ತಂದ ಆ ವಿಧಾನವನ್ನ ತಾವೇ ಖಳನ ಮೈಗೆ ತೊಡಿಸಿದರು. ಮಿಯಾಜಾಕಿ ಬರೆಯೋಕೆ ಎರಡು ವರ್ಷ ಮುಂಚೆ.

1988ರಲ್ಲಿ ಹೊಟ್ಟೆನೋವು ಜೋರಾಯ್ತು. ಜಠರದ ಕ್ಯಾನ್ಸರ್. ಆ ಕಾಲದ ಜಪಾನಿನಲ್ಲಿ ಕ್ಯಾನ್ಸರ್ ಇದ್ದರೆ ರೋಗಿಗೆ ಹೇಳ್ತಿರಲಿಲ್ಲ, ಮನೆಯವರಿಗೆ ಮಾತ್ರ. ತೆಜುಕಾಗೂ ಹೇಳಲಿಲ್ಲ. ಆದರೆ ಈ ರೋಗಿ ಡಾಕ್ಟರ್. ಅದೂ ಬ್ಲ್ಯಾಕ್ ಜಾಕ್ ಬರೆದ ಡಾಕ್ಟರ್. ಆಸ್ಪತ್ರೆ ಹಾಸಿಗೆ ಮೇಲೆ ಕೂತು ಒಟ್ಟಿಗೆ ಮೂರು ಮಂಗಾ ಬರೀತಿದ್ದರು. ಬೀಥೋವನ್ ಬಗ್ಗೆ ಒಂದು, ದಕ್ಷಿಣ ಅಮೆರಿಕಕ್ಕೆ ಹೋದ ಜಪಾನಿ ಬಿಸಿನೆಸ್‌ಮ್ಯಾನ್ ಬಗ್ಗೆ ಒಂದು, ಮೂರನೇದು ನಿಯೋ ಫೌಸ್ಟ್. ಪ್ರಜ್ಞೆ ತಪ್ಪಿ ಎಚ್ಚರವಾದಾಗಲೆಲ್ಲ ಪೆನ್ಸಿಲ್ ಕೇಳ್ತಿದ್ದರು. ಕೊನೆಗೆ ಕೇಳಿದ್ದೂ ಅದನ್ನೇ, ಕೆಲಸ ಮಾಡೋಕೆ ಬಿಡಿ ಅಂತ. 1989ರ ಫೆಬ್ರವರಿ 9ರಂದು ತೀರಿಕೊಂಡರು. ಪೇಪರಿನವರು ವಯಸ್ಸು ಹುಡುಕಿದಾಗ ಇನ್ನೊಂದು ವಿಷಯ ಹೊರಬಂತು: ಇಷ್ಟು ವರ್ಷ ತಮ್ಮ ವಯಸ್ಸನ್ನ ಎರಡು ವರ್ಷ ಜಾಸ್ತಿ ಹೇಳ್ತಿದ್ದರು. ತೀರಾ ಚಿಕ್ಕ ವಯಸ್ಸಲ್ಲೇ ಶುರು ಮಾಡಿದ್ದರಿಂದ ಎಡಿಟರುಗಳು ಹುಡುಗ ಅಂದುಕೊಳ್ಳಬಾರದು ಅಂತ ಹೇಳಿದ ಸುಳ್ಳು ಹಾಗೇ ಉಳಿದುಬಿಟ್ಟಿತ್ತು. ಅರವತ್ತೆರಡಲ್ಲ, ಅರವತ್ತು.

ಲೆಜೆಂಡ್ ಆಫ್ ದಿ ಫಾರೆಸ್ಟ್ ನಾಲ್ಕು ಭಾಗ ಆಗಬೇಕಿತ್ತು, ಎರಡು ಮಾತ್ರ ಆಗಿದ್ದವು. ಮಗ ಮಾಕೋತೋ 2014ರಲ್ಲಿ ಇನ್ನೊಂದು ಭಾಗ ಮುಗಿಸಿದರು.

ನಿಯೋ ಫೌಸ್ಟ್ ಮಾತ್ರ ಹಾಗೇ ಇದೆ. ಅದರಲ್ಲಿ ಒಬ್ಬ ಶ್ರೀಮಂತ ಮುದುಕನಿಗೆ ಜಠರದ ಕ್ಯಾನ್ಸರ್ಬರುತ್ತೆ, ಡಾಕ್ಟರುಗಳು ಅವನಿಂದ ವಿಷಯ ಮುಚ್ಚಿಡ್ತಾರೆ. ಕೊನೆಯ ಪುಟಗಳಿಗೆ ಇಂಕ್ ಬಿದ್ದಿಲ್ಲ, ಪೆನ್ಸಿಲ್ ಗೆರೆ ಅಷ್ಟೇ.